ಯಜಮಾನಿಯೊಳಗಿನ ಯಜಮಾನ

ವರ್ಣತಂತು ಪ್ರಯೋಗಶಾಲೆ, ಎರಡನೇ ಮಹಡಿ
ಜನವರಿ ೯

ನಾದಿನಿ ಡಾಕ್ಟರಮ್ಮನಿಗೆ,

ಈ ಕಾಗದ ತಣ್ಣಗೆ ಕೈಗೆ ಸಿಕ್ಕಿದರೆ ಭಾವನ ಪ್ರೀತಿ ಆರಿಹೋಯಿತು ಅಂದುಕೊಳ್ಳಬೇಡ. ನೀನು ಕಳಿಸಿದ ರಕ್ತದ ಐಸ್ ಪೆಟ್ಟಿಗೆಯಲ್ಲೇ, ಖಾಲಿ ಟ್ಯೂಬುಗಳ ಮಗ್ಗುಲಲ್ಲಿ ಇದನ್ನೂ ಮಲಗಿಸಿ ಶುಕ್ರವಾರದ ವ್ಯಾನಿಗೆ ಹತ್ತಿಸುತ್ತಿದ್ದೇನೆ. ನಿಮ್ಮ ಆಫೀಸಿನಲ್ಲಿ ಫೋನಿದೆ, ಗೊತ್ತು. ಅದನ್ನು ನಿಮ್ಮ ನಿರ್ದೇಶಕರೇ ಎತ್ತುತ್ತಾರೆ, ಎತ್ತಿದರೆ ಇಳಿಸುವುದಿಲ್ಲ.

ಈಗ ಕೂತುಕೋ. ನಿಮ್ಮ ಯಜಮಾನಿ ಇದ್ದಾಳಲ್ಲ, ಆ ಕಿರುಗಾತ್ರದ ಕಾಂಗರೂಗಳ ಮಂದೆಯಲ್ಲಿ ಬೇರೆ ವಾಲಬಿಗಳನ್ನೆಲ್ಲ ಹಿಂಗಾಲಲ್ಲಿ ಒದ್ದು ಮೇವಿನ ತೊಟ್ಟಿಗೆ ಮೊದಲು ಬಾಯಿ ಹಾಕುವ ಆ ಮುದುಕಿ? ಅವಳೊಳಗೆ ಒಬ್ಬ ಯಜಮಾನ ಸಿಕ್ಕಿದ್ದಾನೆ!

"ಸಂಸಾರದಲ್ಲಿ ಇದ್ಯಾವ ಹೊಸ ವಿಷಯ, ಇಲ್ಲಿ ಅಡುಗೆಮನೆಗೆ ಬಂದು ನೋಡಿ" ಅಂದಳು ನಿಮ್ಮಕ್ಕ. ಸಂಸಾರದಲ್ಲಿ ಹಳತಿರಬಹುದು, ವಿಜ್ಞಾನದಲ್ಲಿ ಹೊಸತು. ನೀನು ದನ, ನಾಯಿ, ಕಾಂಗರೂ ಓದಿದವಳು, ಆದರೂ ಒಮ್ಮೆ ನೆನಪಿಸುತ್ತೇನೆ, ಪಾಠ ಮಾಡದೆ ನನಗೆ ಊಟ ಸೇರುವುದಿಲ್ಲ. ಎಕ್ಸ್ ಮತ್ತು ವೈ ವರ್ಣತಂತುಗಳು ಒಂದು ಕಾಲಕ್ಕೆ ಒಂದೇ ಅಚ್ಚಿನ ಜೋಡಿ ಅಣ್ಣತಮ್ಮಂದಿರು. ತಮ್ಮನ ಕೈಗೆ 'ಗಂಡಾಗು' ಅನ್ನುವ ಒಂದು ಜೀನು ಬಂತು. ಅಂದಿನಿಂದ ಅಣ್ಣನ ಜೊತೆ ಕೊಡು-ಕೊಳ್ಳು ನಿಂತಿತು. ಇಬ್ಬರೂ ತುಂಡು ಬದಲಾಯಿಸಿಕೊಂಡು ರಿಪೇರಿ ಆಗುತ್ತಿದ್ದವರು. ಅದು ನಿಂತ ಮೇಲೆ ತಮ್ಮ ಸೊರಗಿದ, ಸವೆದ. ನಮ್ಮಂಥ ಪ್ರಾಣಿಗಳಲ್ಲಿ ಹೇಗೋ ಕುಟುಕು ಜೀವ ಉಳಿಸಿಕೊಂಡಿದ್ದಾನೆ. ಹೊಟ್ಟೆಚೀಲದ ಪ್ರಾಣಿಗಳಲ್ಲಂತೂ ಸೂಕ್ಷ್ಮದರ್ಶಕದ ಕೆಳಗೆ ನಿನ್ನ ಕೈಬರಹದ ಸೊನ್ನೆಯಷ್ಟೇ ಕಾಣುತ್ತಾನೆ.

ಆದರೆ ಆ 'ಗಂಡಾಗು' ಜೀನು ಮಾತ್ರ ಎರಡೂ ಕುಲದಲ್ಲಿ ಉಳಿದಿದೆ. ಅದಿದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು. ಮಂಗಳವಾರ ಟೆಕ್ನಿಷಿಯನ್ ರಜೆ. ನಾನೇ ತೋಳು ಮಡಿಸಿ, ಮೀಸೆ ತಿರುವಿ, ನಿನ್ನ ಯಜಮಾನಿಯ ರಕ್ತದಲ್ಲಿ ಹುಡುಕಿದೆ. ಇದೆ! ಜೀನು ಇದ್ದರೆ ಮಾತ್ರ ಜೆಲ್ ಪದರದ ಮೇಲೆ ಬೀಳುವ ಗೆರೆ ಸೊಗಸಾಗಿ ಹೊಳೆಯುತ್ತಿದೆ. ಮರಿ ಹೊತ್ತ ತಾಯಿಯಲ್ಲಿ ಗಂಡು ಜೀನು! ಅಂದರೆ ವಾಲಬಿಗಳಲ್ಲಿ ಆ ಜೀನಿನ ದರ್ಬಾರು ಎಂದೋ ಮುಗಿದಿದೆ, ಪಟ್ಟದಲ್ಲಿ ಬೇರೆ ಯಾರೋ ಕೂತಿದ್ದಾರೆ. ಪಠ್ಯಪುಸ್ತಕಕ್ಕೆ ಹೊಸ ಪುಟ, ನಿನ್ನ ಭಾವನಿಗೆ ಹೊಸ ಸೂಟು.

ಲೇಖನದಲ್ಲಿ ನಿನ್ನ ಹೆಸರೂ ಇರುತ್ತದೆ. ನನ್ನದರ ಕೆಳಗೆ. ಅದು ಲೋಕರೂಢಿ.

ಬೀಗುತ್ತಿರುವ,
ಭಾವ


ವಾಲಬಿ ಆವರಣ
ಜನವರಿ ೧೧

ಭಾವ,

ನಿಮ್ಮ ಕಾಗದ ಒದ್ದೆಯಾಗಿ ಬಂತು. ಹೊಗಳಿಕೆ ಇದ್ದ ಭಾಗವೇ ಅಳಿಸಿದೆ, ಹಾಗಾಗಿ ನಾನು ಇನ್ನೂ ಸ್ವಸ್ಥಳಾಗಿದ್ದೇನೆ.

ಯಜಮಾನಿಗೆ ಸುದ್ದಿ ಮುಟ್ಟಿಸಿದೆ. ತೊಟ್ಟಿಯಿಂದ ತಲೆ ಎತ್ತಲಿಲ್ಲ. ಚೀಲದಿಂದ ಮರಿಯ ಒಂದು ಕಾಲು ಹೊರಗೆ ನೇತಾಡುತ್ತಿತ್ತು, ಬಸ್ಸಿನ ಕಿಟಕಿಯಿಂದ ಕೈ ಇಳಿಬಿಟ್ಟವರ ಹಾಗೆ. ಮರಿ ಹೆಣ್ಣು. ಮೈಮೇಲೆ ಈಗಷ್ಟೇ ನವಿರು ರೋಮ ಬರುತ್ತಿದೆ. ಈ ಮುದುಕಿ ಹಿಂದೆಯೂ ಮರಿಗಳನ್ನು ಸಾಕಿ ಬೆಳೆಸಿದವಳು.

ನಾನು ಓದಿದ್ದೂ ಒಂದಿಷ್ಟು ಹೇಳಲಾ? ಈ ಕುಲದಲ್ಲಿ ಚೀಲ ಬರುವುದು ಎರಡು ಎಕ್ಸ್ ಇದ್ದರೆ. ವೈಗೂ ಚೀಲಕ್ಕೂ ಸಂಬಂಧವಿಲ್ಲ. ಎರಡು ಎಕ್ಸ್ ಜೊತೆ ಒಂದು ವೈ ಸೇರಿದ ಪ್ರಾಣಿಗೆ ಹೊರಗೆ ಚೀಲ, ಒಳಗೆ ವೃಷಣ. ಅಂಥದ್ದಾದರೆ ಸರಿ ಅನ್ನಬಹುದು. ಆದರೆ ಅಂಥವು ಹೆರುವುದಿಲ್ಲವಲ್ಲ ಭಾವ. ಇವಳು ಹೆತ್ತಿದ್ದಾಳೆ. ಅದಕ್ಕೇ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ: ಇನ್ನೊಂದು ಸಲ ನೋಡಿದಿರಾ?

ನಿರ್ದೇಶಕರಿಗೆ ಹೇಳಿದೆ. ಕುರ್ಚಿಯಿಂದ ಎದ್ದು ನಿಂತರು. ನಾನು ಇಲ್ಲಿಗೆ ಬಂದಮೇಲೆ ಅವರು ಎದ್ದದ್ದು ಇದೇ ಮೊದಲು.

ನಾದಿನಿ


ಪ್ರಯೋಗಶಾಲೆ
ಜನವರಿ ೩೦

ಅನುಮಾನದ ಅಮ್ಮನವರಿಗೆ,

ವಾರ್ಷಿಕ ಸಭೆಯಲ್ಲಿ ಮಾತಾಡಿ ಬಂದೆ. ಸಭಾಂಗಣ ತುಂಬಿ, ಕೆಲವರು ಮೆಟ್ಟಿಲ ಮೇಲೆ ಕೂತಿದ್ದರು. "ನನ್ನ ನಾದಿನಿ ಪಶುವೈದ್ಯೆ. ಹೆತ್ತವಳು ಹೆಂಗಸೇ ಅಂತ ಆಕೆಯ ವಾದ. ನಾನು ಅಳಿಯನಾಗಿ ಹೋದ ಮನೆಯಲ್ಲಿ ಎಲ್ಲರದೂ ಇದೇ ಹಳೇ ಕಾಲದ ವಿಚಾರ" ಅಂದೆ. ಬಿದ್ದು ಬಿದ್ದು ನಕ್ಕರು. ಸಿಟ್ಟು ಮಾಡಿಕೊಳ್ಳಬೇಡ, ನಿನ್ನಿಂದಲೇ ಸಭೆ ಗೆದ್ದೆ. ಮೊಟ್ಟೆ ಇಟ್ಟು ಹಾಲೂಡುವ ಪ್ಲಾಟಿಪಸ್‌ನ ಐದು ಎಕ್ಸ್, ಐದು ವೈ ಬಗ್ಗೆ "ಅವಿಭಕ್ತ ಕುಟುಂಬ" ಅಂದಾಗಲೂ ನಕ್ಕರು, ಆದರೆ ಅಷ್ಟಲ್ಲ.

ಇನ್ನೊಂದು ಸಲ ನೋಡಿದಿರಾ ಅಂತ ಕೇಳಿದ್ದೆ ನೀನು. ಗೆರೆ ಬೀಳಬೇಕಾದ ಎತ್ತರದಲ್ಲೇ ಬಿದ್ದಿದೆ. ಮದುವೆಯಾದ ಮೇಲೆ ಹೆಣ್ಣು ನೋಡಲು ಹೋಗುವುದು ಸಭ್ಯರ ಲಕ್ಷಣವಲ್ಲ.

ಈಗ ಕೆಲಸದ ಮಾತು. ಲೇಖನ ಪತ್ರಿಕೆಗೆ ಹೋಗಿದೆ. ಪರಿಶೀಲಿಸಿದವರು ಒಂದೇ ಪ್ರಶ್ನೆ ಎತ್ತಿದ್ದಾರೆ: ಒಳಗಿರುವುದು ಅಂಡಾಶಯವೋ, ವೃಷಣವೋ, ಎರಡೂ ಬೆರೆತದ್ದೋ? ಅದನ್ನು ಪೂರ್ತಿ ತೆಗೆದು ಪದರ ಪದರ ಕೊಯ್ದು ನೋಡಬೇಕಂತೆ. ಜೊತೆಗೆ ಮಿದುಳು, ಯಕೃತ್ತು, ಗುಲ್ಮದ ತುಣುಕುಗಳೂ ಬೇಕಂತೆ. ನಿಮ್ಮ ನಿರ್ದೇಶಕರಿಗೆ ಬರೆದೆ, ಮರುಮಾತಿಲ್ಲದೆ ಒಪ್ಪಿದ್ದಾರೆ. ಫೆಬ್ರವರಿ ೧೪, ಶನಿವಾರ ಅಂತ ಗೊತ್ತುಮಾಡಿದ್ದಾರೆ.

ಬೇಜಾರು ಆಗುತ್ತದೆ, ಬಲ್ಲೆ. ಮುದುಕಿ ಹೇಗಿದ್ದರೂ ಇನ್ನೆಷ್ಟು ದಿನ.

ಭಾವ


ವಾಲಬಿ ಆವರಣ
ಫೆಬ್ರವರಿ ೧

ಭಾವ,

ಸಭೆಯ ಜೋಕು ಓದಿದೆ. ಇರಲಿ.

ನಿರ್ದೇಶಕರ ಹತ್ತಿರ ವಾದ ಮಾಡಿ ಬಂದೆ. "ಒಂದು ಕಡೆಯದನ್ನು ಮಾತ್ರ ತೆಗೆದು ಹೊಲಿಯುತ್ತೇನೆ, ಬದುಕಿಕೊಳ್ಳುತ್ತಾಳೆ" ಅಂದೆ. "ಮಿದುಳನ್ನೂ ಅರ್ಧ ತೆಗೆದು ಹೊಲಿಯುತ್ತೀರೇನಮ್ಮಾ?" ಅಂದರು. "ಮರಿ ಚೀಲ ಬಿಡುವ ತನಕ ತಡೆಯೋಣ" ಅಂದೆ. "ನಿಮ್ಮ ಭಾವನವರೇ ಕೇಳಿದ್ದಾರೆ, ನಾನ್ಯಾಕೆ ಅಡ್ಡ ಬರಲಿ?" ಅಂದರು. ಹಾಗಾಗಿ ಈಗ ನೀವೊಬ್ಬರೇ ತಡೆಯಬಲ್ಲವರು.

ತಡೆಯಿರಿ ಅಂತ ಕೇಳುತ್ತಿಲ್ಲ. ಇಷ್ಟೇ ಮಾಡಿ. ಈ ಪೆಟ್ಟಿಗೆಯಲ್ಲಿ ಯಜಮಾನಿಯ ಹೊಸ ರಕ್ತ ಇದೆ. ನೀಲಿ ಮುಚ್ಚಳದ ಟ್ಯೂಬು. ಮೊದಲಿಂದ ಮತ್ತೆ ಪರೀಕ್ಷೆ ಮಾಡಿ. ಹೌದು ಅನ್ನುವುದಾದರೆ ಒಂದು ಸಾಲು ಬರೆಯಿರಿ, ನಾನೇ ಸೂಜಿ ಹಾಕುತ್ತೇನೆ, ಬೇರೆಯವರ ಕೈಗೆ ಕೊಡುವುದಿಲ್ಲ. ಅಲ್ಲ ಅನ್ನುವುದಾದರೂ ಒಂದೇ ಸಾಲು ಸಾಕು. ಆಗ ಅವಳು ತೊಟ್ಟಿಯ ಮುಂದೆ ನಿಂತು ಉಳಿದವರನ್ನು ಒದೆಯುತ್ತಾಳೆ, ಅಷ್ಟೇ.

ನಿಮ್ಮ ಮಾತೇ ನನಗೆ ಸಾಕು.

ನಾದಿನಿ


ಪ್ರಯೋಗಶಾಲೆ
ಫೆಬ್ರವರಿ ೧೩

ನಾದಿನಿಗೆ,

ಹೋದ ಶುಕ್ರವಾರ ಪೆಟ್ಟಿಗೆಯಲ್ಲಿ ಕಾಗದ ಇರಲಿಲ್ಲ ಅಂತ ಮುಖ ಊದಿಸಿಕೊಂಡಿರಬೇಕು ನೀನು. ಕೆಲಸ. ನಿಮ್ಮಕ್ಕನಿಗೆ ಸೊಂಟ ಹಿಡಿದಿದೆ, ನನಗೆ ಗ್ರಹಚಾರ ಹಿಡಿದಿದೆ. ಎರಡಕ್ಕೂ ಬಿಸಿನೀರೇ ಮದ್ದು ಅನ್ನುತ್ತಾಳೆ. ಇಲ್ಲಿ ಲಿಫ್ಟು ಕೆಟ್ಟು, ಇಡೀ ಇಲಾಖೆಗೆ ಮೆಟ್ಟಿಲು ಹತ್ತಿ ಆರೋಗ್ಯ ಬಂದಿದೆ.

ನಾಳೆಯ ವಿಷಯ. ಸ್ವಲ್ಪ ತಡೆದರೂ ಒಳ್ಳೆಯದೇ ಏನೋ. ಇಲ್ಲಿ ಯಂತ್ರವೊಂದು ಕೈಕೊಟ್ಟಿದೆ, ತುಣುಕುಗಳು ಬಂದರೂ ಕೂಡಲೇ ನೋಡಲಾಗುವುದಿಲ್ಲ. ಅಂಥ ಅವಸರವೇನೂ ಇಲ್ಲ. ನಿಮ್ಮ ನಿರ್ದೇಶಕರಿಗೆ ಹೇಗೆ ಅನುಕೂಲವೋ ನೋಡು.

ಮರಿ ಹೇಗಿದೆ?

ಭಾವ


ವಾಲಬಿ ಆವರಣ
ಫೆಬ್ರವರಿ ೧೫

ಭಾವ,

ನಿಮ್ಮ ಕಾಗದ ಶುಕ್ರವಾರ ಸಂಜೆ ಬಂತು. ನಿಂತಲ್ಲೇ ಓದಿದೆ. ನನಗೆ ನೋವಾಗುತ್ತದೆ ಅಂತ ಅಕ್ಕ ಹಿಂದೆ ನಿಂತು ಬರೆಸಿರಬೇಕು ಅನ್ನಿಸಿತು. ಅಷ್ಟೊಂದು ಮೆತ್ತಗೆ ನೀವು ಬರೆಯುವುದಿಲ್ಲ. ಆದರೂ ಅದನ್ನೇ ಹಿಡಿದು ನಿರ್ದೇಶಕರ ಹತ್ತಿರ ಓಡಿದೆ.

ಅವರು ಎರಡು ಸಲ ಓದಿದರು. "ಫಲಿತಾಂಶದ ಮೇಲೆ ಅನುಮಾನ ಅಂತ ಎಲ್ಲಾದರೂ ಬರೆದಿದ್ದಾರಾ?"

"ಇಲ್ಲ ಸರ್."

"ಹೊಸ ರಕ್ತದ ಬಗ್ಗೆ?"

"ಅದೂ ಇಲ್ಲ."

"ಹಾಗಾದರೆ ಹೌದು ಅಂತಲೇ ಅರ್ಥ. ಯಂತ್ರ ರಿಪೇರಿ ಆಗುತ್ತೆ, ತುಣುಕು ಐಸಿನಲ್ಲಿ ಕಾಯುತ್ತೆ. ನಿಮಗೆ ಕಷ್ಟ ಆದರೆ ಹೇಳಿ, ಬೇರೆಯವರನ್ನ ಕರೆಸ್ತೀನಿ."

ಬೇರೆಯವರು ಬೇಡ ಅಂದೆ.

ಶನಿವಾರ ಬೆಳಿಗ್ಗೆ ಆಯಿತು. ಮೊದಲು ಮರಿಯನ್ನು ಮೊಲೆಯಿಂದ ಬಿಡಿಸಬೇಕಿತ್ತು. ಬಾಯಿ ಬಿಡಲಿಲ್ಲ, ಬೆರಳಿಟ್ಟು ಬಿಡಿಸಿದೆ. ಯಜಮಾನಿ ನನ್ನನ್ನು ಒದೆಯಲಿಲ್ಲ. ನಾನು ತೂಕ ನೋಡಲು ಬಂದಿದ್ದೇನೆ ಅಂದುಕೊಂಡಿದ್ದಳು.

ನೀವು ಕೇಳಿದ್ದೆಲ್ಲ ಈ ಪೆಟ್ಟಿಗೆಯಲ್ಲಿದೆ. ಒಳಗೆ ಏನಿತ್ತು ಅಂತ ನಾನು ಸರಿಯಾಗಿ ನೋಡಲಿಲ್ಲ, ಬೆಳಕು ಸಾಲದಾಗಿತ್ತು. ನೀವೇ ನೋಡಿ ಹೇಳಿ.

ಮರಿ ನನ್ನ ಕೊರಳಿಗೆ ಕಟ್ಟಿದ ಬಟ್ಟೆಚೀಲದಲ್ಲಿದೆ. ಇದನ್ನು ಬರೆಯುವಾಗ ಪೆನ್ನು ಅಲುಗಿದರೆ ಅದರ ಕಾಲು ಅಂತ ತಿಳಿಯಿರಿ.

ನಾದಿನಿ


ಪ್ರಯೋಗಶಾಲೆ
ಫೆಬ್ರವರಿ ೨೦

ನಾದಿನಿಗೆ,

ನಾಲ್ಕು ಹಾಳೆ ಹರಿದು ಹಾಕಿದೆ. ನಾಲ್ಕರಲ್ಲೂ ನಾನು ಒಳ್ಳೆಯವನಾಗಿಯೇ ಕಾಣುತ್ತಿದ್ದೆ.

ಯಜಮಾನಿಯೊಳಗೆ ಯಾವ ಯಜಮಾನನೂ ಇರಲಿಲ್ಲ. ಇದ್ದದ್ದು ನಾನು.

ನಿನ್ನ ನೀಲಿ ಮುಚ್ಚಳದ ರಕ್ತವನ್ನು ಟೆಕ್ನಿಷಿಯನ್ ತಯಾರು ಮಾಡಿದಳು. ಗೆರೆ ಬೀಳಲಿಲ್ಲ. ಮತ್ತೆ ಮಾಡಿಸಿದೆ, ಬೀಳಲಿಲ್ಲ. ಆಗ ಜನವರಿಯ ಟ್ಯೂಬಿನಲ್ಲಿ ಉಳಿದ ಜೀನಿನ ಬರಹವನ್ನು ಅಕ್ಷರ ಅಕ್ಷರವಾಗಿ ಓದಿಸಿದೆ. ಆ ಜೀನಿನ ನಾವು ಹುಡುಕುವ ತುಂಡು ಮನುಷ್ಯನಲ್ಲೂ ವಾಲಬಿಯಲ್ಲೂ ಒಂದೇ ಉದ್ದ, ಹಾಗಾಗಿ ಗೆರೆ ಒಂದೇ ಎತ್ತರದಲ್ಲಿ ಬೀಳುತ್ತದೆ. ಓದಿದರೆ ಮಾತ್ರ ವ್ಯತ್ಯಾಸ ತಿಳಿಯುವುದು. ಓದಿದರೆ ಮನುಷ್ಯ. ಗಂಡಸು. ಈ ಮಹಡಿಯಲ್ಲಿ ಟ್ಯೂಬು ಮುಟ್ಟುವ ಗಂಡಸು ನಾನೊಬ್ಬನೇ. ಉಳಿದವರೆಲ್ಲ ಹೆಂಗಸರು, ಅವರು ಕೈಯಾಡಿಸಿದ್ದರೂ ಈ ಅನಾಹುತ ಆಗುತ್ತಿರಲಿಲ್ಲ. ಅಂದು ಕೈಗವಸು ಹಾಕಿದ್ದೆ. ಹಾಕಿಕೊಂಡೇ ಮೀಸೆ ತಿರುವಿದೆ. ತಿರುವಿದ ಕೈಯಲ್ಲೇ ಮುಚ್ಚಳ ತೆರೆದೆ. ವಿಜ್ಞಾನದ ಚರಿತ್ರೆಯಲ್ಲಿ ತನ್ನ ಮೀಸೆಯನ್ನೇ ಶೋಧಿಸಿ ಭಾಷಣ ಮಾಡಿದವನು ನಾನೇ ಮೊದಲಿಗನಿರಬೇಕು.

ಇದಕ್ಕಿಂತ ಹೊಲಸಾದದ್ದು ಇನ್ನೊಂದಿದೆ. ಪ್ರತಿ ಸಲ ರಕ್ತ ಹಾಕದ ಒಂದು ಖಾಲಿ ಟ್ಯೂಬನ್ನೂ ಜೊತೆಯಲ್ಲಿ ಓಡಿಸುತ್ತೇವೆ. ಅದರಲ್ಲಿ ಗೆರೆ ಬಿದ್ದರೆ ಎಲ್ಲೋ ಕಲಬೆರಕೆ ಆಗಿದೆ ಅಂತ ಅರ್ಥ. ಜನವರಿಯಲ್ಲಿ ಅದರಲ್ಲೂ ಮಸುಕಾಗಿ ಒಂದು ಗೆರೆ ಇತ್ತು. ಜೆಲ್ ಮೇಲಿನ ಕಲೆ ಅಂದುಕೊಂಡೆ. ಕಲೆ ಅಂದುಕೊಳ್ಳಲು ತುಂಬ ಇಷ್ಟವಾಯಿತು. ಸಭೆಗೆ ಒಯ್ದ ಚಿತ್ರದಲ್ಲಿ ಆ ಅಂಚನ್ನು ಕತ್ತರಿಸಿ ತೆಗೆದಿದ್ದೆ.

ನನಗೆ ಗೊತ್ತಾದ ಕೂಡಲೇ ನಿನಗೆ ಬರೆದೆ, ತಡೆಯಿರಿ ಅಂತ. ಬಿಡಿಸಿ ಹೇಳಲು ಬಾಯಿ ಬರಲಿಲ್ಲ ಅಷ್ಟೇ. ಅರ್ಥ ಮಾಡಿಕೊಳ್ಳುತ್ತೀಯ ಅಂದುಕೊಂಡೆ.

ಲೇಖನ ಹಿಂದಕ್ಕೆ ಪಡೆಯುವ ಪತ್ರದ ಕರಡು ಇದರ ಜೊತೆಗಿದೆ. ಮಾರ್ಚಿ ತಿಂಗಳ ಸಭೆಯಲ್ಲೂ ಅದನ್ನೇ ಓದುತ್ತೇನೆ. ನೋಡಿ ತಿದ್ದು. ಸ್ವಲ್ಪ ಹಗುರಾಗಿ ಬರೆದಿದ್ದೇನೆ, ಜನ ಕೇಳಿಸಿಕೊಳ್ಳಲಿ ಅಂತ.

ಕ್ಷಮಿಸು ಅನ್ನುವ ಮುಖವಿಲ್ಲ.

ಭಾವ


ವಾಲಬಿ ಆವರಣ
ಫೆಬ್ರವರಿ ೨೨

ಭಾವ,

ಗೊತ್ತಾದ ಕೂಡಲೇ ಬರೆದೆ ಅಂದಿದ್ದೀರಿ. ಫೆಬ್ರವರಿ ಮೊದಲ ವಾರದಿಂದಲೇ ನೀವು ತಟ್ಟೆ ಮುಂದೆ ಸುಮ್ಮನೆ ಕೂರುತ್ತೀರಿ, ಕೇಳಿದರೆ ರೇಗುತ್ತೀರಿ ಅಂತ ಅಕ್ಕ ಬರೆದಿದ್ದಳು. ಆ ಶುಕ್ರವಾರದ ಪೆಟ್ಟಿಗೆಯಲ್ಲಿ ಖಾಲಿ ಟ್ಯೂಬು ಮಾತ್ರ ಬಂತು. ಹೊಗಳುವವರ ನಡುವೆ ಭಾವನಿಗೆ ಪುರುಸೊತ್ತಿಲ್ಲ ಅಂದುಕೊಂಡೆ. ಅದಾದ ಮೇಲೂ ಒಂದು ವಾರ ಇತ್ತು. ನಮ್ಮ ಆಫೀಸಿನಲ್ಲಿ ಫೋನಿದೆ. ನಿರ್ದೇಶಕರು ಎತ್ತುತ್ತಾರೆ. "ತಪ್ಪಾಗಿದೆ, ನಿಲ್ಲಿಸಿ" ಅಂದಿದ್ದರೆ ಸಾಕಿತ್ತು. ಬಾಯಲ್ಲಿ ಹೇಳಬೇಕಾಗುತ್ತದೆ ಅಂತ ನೀವು ವ್ಯಾನು ಕಾದಿರಿ. ವ್ಯಾನಿನಲ್ಲಿ ಕಳಿಸಿದ್ದರಲ್ಲೂ ಲಿಫ್ಟಿನ ವಿಷಯ ಇತ್ತು, ಅಕ್ಕನ ಸೊಂಟ ಇತ್ತು, ಯಜಮಾನಿಯ ರಕ್ತ ಇರಲಿಲ್ಲ.

ನಾನೂ ಸಾಚಾ ಅಲ್ಲ. ಬೆಳಕು ಸಾಲದಾಗಿತ್ತು ಅಂತ ಬರೆದೆನಲ್ಲ, ದೀಪ ನನ್ನ ಹಣೆಯ ಮೇಲೇ ಇತ್ತು. ಹೊಟ್ಟೆ ತೆರೆದೊಡನೆ ಕಂಡೆ. ಎರಡು ಅಂಡಾಶಯ, ಅಚ್ಚುಕಟ್ಟಾಗಿ, ಯಾವ ವಾಲಬಿಯಲ್ಲೂ ಇರುವ ಹಾಗೆ. ನಿಮ್ಮ ಮಾತು ಸುಳ್ಳು ಅಂತ ಆಗಲೇ ತಿಳಿಯಿತು. ಪಕ್ಕದಲ್ಲಿ ನಿಂತ ನಿರ್ದೇಶಕರು "ಏನು ಕಾಣ್ತಿದೆ?" ಅಂದರು. "ಹೇಳೋಕೆ ಕಷ್ಟ ಸರ್" ಅಂದೆ. ಅಕ್ಕನ ಗಂಡ ನಗೆಪಾಟಲಾಗಬಾರದು ಅಂತ. ಅಷ್ಟೇ ಅಂತಲೂ ಹೇಳಲಾರೆ. ಆ ಲೇಖನದಲ್ಲಿ ನನ್ನ ಹೆಸರು ಇದೆ ಅನ್ನುವುದನ್ನು ಇಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಜನವರಿಯಲ್ಲಿ ಕೇಳಿದೆ, ನೀವು ಜೋಕು ಮಾಡಿದಿರಿ; ಹೊಸ ರಕ್ತ ಕಳಿಸಿದೆ, ಉತ್ತರ ಬರಲಿಲ್ಲ, ನಾನು ಸುಮ್ಮನಾದೆ. ಸುಮ್ಮನಾಗುವುದು ಸುಲಭವಾಗಿತ್ತು. ಇವತ್ತು ಬೆಳಿಗ್ಗೆ ನಿರ್ದೇಶಕರಿಗೆ ಎಲ್ಲ ಹೇಳಿದೆ. ಅವರು ನನ್ನ ಕಡೆ ನೋಡಲಿಲ್ಲ.

ಕರಡು ಓದಿದೆ. "ಲೇಖಕನ ಮೀಸೆಗೆ ಸಹಲೇಖಕನ ಸ್ಥಾನ ಕೊಡಲಾಗದ್ದಕ್ಕೆ ವಿಷಾದವಿದೆ." ಜನ ನಗುತ್ತಾರೆ. ನಕ್ಕ ಮೇಲೆ ನಿಮ್ಮನ್ನು ಇನ್ನೂ ಇಷ್ಟಪಡುತ್ತಾರೆ. ಎಂಥ ದೊಡ್ಡ ಮನುಷ್ಯ, ತನ್ನನ್ನೇ ಲೇವಡಿ ಮಾಡಿಕೊಳ್ಳುತ್ತಾನೆ ಅನ್ನುತ್ತಾರೆ. ಖಾಲಿ ಟ್ಯೂಬಿನ ಮಾತು ಅದರಲ್ಲಿ ಎಲ್ಲೂ ಇಲ್ಲ. ಯಜಮಾನಿಯೂ ಇಲ್ಲ. "ಮಾದರಿ ಪ್ರಾಣಿ" ಅಂತ ಒಂದು ಕಡೆ ಇದೆ.

ತಿದ್ದಿ ಕಳಿಸಿದ್ದೇನೆ. ನಗು ಬರುವ ಸಾಲುಗಳನ್ನೆಲ್ಲ ಹೊಡೆದು ಹಾಕಿದ್ದೇನೆ. ಏನೂ ಉಳಿಯಲಿಲ್ಲ ಅಂತ ಗಾಬರಿಯಾಗಬೇಡಿ, ಉಳಿದದ್ದನ್ನು ನೀವು ಬರೆಯಬೇಕು. ನನ್ನದೊಂದೇ ಬೇಡಿಕೆ. ಒಂದೂ ಜೋಕು ಬೇಡ.

ಮರಿಯ ವಿಷಯ ಈಗ ಕೇಳಬೇಡಿ. ಹಾಲು ಕುಡಿಯುತ್ತದೆ, ಮೈ ಹತ್ತುತ್ತಿಲ್ಲ. ನೀವು ಸಭೆಯಲ್ಲಿ ಓದಿ ಮುಗಿಸಿದ ಮೇಲೆ ಬರೆಯುತ್ತೇನೆ.

ನಾದಿನಿ


ಪ್ರಯೋಗಶಾಲೆ
ಮಾರ್ಚಿ ೧೩

ನಾದಿನಿಗೆ,

ನಿನ್ನೆ ಓದಿದೆ. ಅದೇ ಸಭಾಂಗಣ. ಪತ್ರಿಕೆಗೂ ಅದನ್ನೇ ಕಳಿಸಿದ್ದೇನೆ.

ಹೀಗೆ ಬರೆದಿದ್ದೆ: "ಹೆಣ್ಣು ವಾಲಬಿಯಲ್ಲಿ ಸಿಕ್ಕಿತೆಂದು ನಾನು ಹೇಳಿದ ಗಂಡು ಜೀನು ನನ್ನದು. ನನ್ನ ಕೈಯಿಂದ ಟ್ಯೂಬಿಗೆ ಬಿದ್ದದ್ದು. ಖಾಲಿ ಟ್ಯೂಬಿನಲ್ಲಿ ಗೆರೆ ಕಂಡಿದ್ದೆ, ಕಂಡೂ ಚಿತ್ರದಿಂದ ಕತ್ತರಿಸಿದೆ. ನನ್ನ ನಾದಿನಿ, ಆ ಪ್ರಾಣಿಯ ವೈದ್ಯೆ, ಮೊದಲೇ ಅನುಮಾನಿಸಿ ಮತ್ತೆ ನೋಡಲು ಕೇಳಿದ್ದರು. ನಾನು ನೋಡಲಿಲ್ಲ, ಇದೇ ವೇದಿಕೆಯ ಮೇಲೆ ಅವರನ್ನು ಹಾಸ್ಯ ಮಾಡಿದೆ. ತಪ್ಪು ತಿಳಿದ ಮೇಲೆ ನಿಲ್ಲಿಸಲು ಸಮಯವಿತ್ತು. ನಾಚಿಕೆಯಿಂದ ಹೇಳಲಿಲ್ಲ. ಯಜಮಾನಿ ಎಂದು ಕರೆಯುತ್ತಿದ್ದ ಆ ವಾಲಬಿಯನ್ನು ಮರಿ ಚೀಲದಲ್ಲಿರುವಾಗಲೇ ಕೊಲ್ಲಲಾಯಿತು. ವಾಲಬಿಗಳಲ್ಲಿ ಗಂಡು ಹೆಣ್ಣು ಹೇಗೆ ನಿರ್ಧಾರವಾಗುತ್ತದೆ ಎಂಬುದರ ಬಗ್ಗೆ ನನ್ನ ಕೆಲಸದಿಂದ ಹೊಸದೇನೂ ತಿಳಿದಿಲ್ಲ."

ಇಷ್ಟೇ. ನೀನು ಕಂಡದ್ದನ್ನು ನಿನ್ನ ಬದಲು ನಾನು ಹೇಳಲಿಲ್ಲ. ಅದು ನಿನ್ನದು.

ಒಂದು ವಿಷಯ ನಿನಗೆ ಹೇಳಬೇಕು. ನಾನು ವೇದಿಕೆ ಹತ್ತುವಾಗಲೇ ಮುಂದಿನ ಸಾಲಿನವರು ನಗಲು ಅಣಿಯಾಗಿ ಕುರ್ಚಿಯಲ್ಲಿ ಸರಿದು ಕೂತಿದ್ದರು. ಮೊದಲ ವಾಕ್ಯ ಓದಿದೆ. "ಗಂಡು ಜೀನು ನನ್ನದು" ಅಂದೊಡನೆ ಇಡೀ ಸಭೆ ನಕ್ಕಿತು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಒಬ್ಬರು ಕಣ್ಣೊರೆಸಿಕೊಂಡು ಪಕ್ಕದವರಿಗೆ "ಶುರು ಮಾಡಿದ ನೋಡಿ" ಅಂದದ್ದು ನನಗೂ ಕೇಳಿಸಿತು.

ನಾನು ತಲೆ ತಗ್ಗಿಸಿ ನಿಂತೆ. ನಗು ಪೂರ್ತಿ ನಿಲ್ಲಲು ಹೊತ್ತು ಹಿಡಿಯಿತು. ನಿಂತ ಮೇಲೆ ಅದೇ ವಾಕ್ಯವನ್ನು ಮೊದಲಿಂದ ಮತ್ತೆ ಓದಿದೆ.

ಭಾವ